ಎಡಗಡೆ ಕಾಣುವುದು, ಬಲಗಡೆ ಕೇಳುವುದು

ಚಿತ್ರಕಥೆಯ ಮೊದಲ ಪಾಠ ನನ್ನ ಕೆನ್ನೆಗೆ ಬಿತ್ತು. ಎಪ್ಪತ್ತರ ದಶಕದ ಕೊನೆ, ಕೊಟ್ಟೂರು. ಕಲಿಸುತ್ತಿದ್ದವರು ಮದ್ರಾಸಿನಲ್ಲಿ ಸಹಾಯಕ ನಿರ್ದೇಶಕರಾಗಿ ದುಡಿದು, ಯಾರ ಮೇಲೋ ಕೈಮಾಡಿ, ಊರಿಗೆ ವಾಪಸಾಗಿದ್ದ ಮನುಷ್ಯ. ಅವರ ಅಣ್ಣನ ಎಣ್ಣೆ ಮಿಲ್ಲಿನ ಅಟ್ಟದ ಮೇಲೆ ವಾಸ. ನಾನು ಮೇಷ್ಟ್ರೇ ಅನ್ನುತ್ತಿದ್ದೆ. ಸಿನಿಮಾಕ್ಕೆ ಬರೆದೇ ತೀರುತ್ತೇನೆಂಬ ಹುಚ್ಚು ತಲೆಗೇರಿತ್ತು. ಹಾಗಾಗಿ ಉಜ್ಜಿನಿ ಕಡೆಯಿಂದ ಸೈಕಲ್ ತುಳಿದುಕೊಂಡು ಹೋಗಿ ಅವರ ಬೈಗುಳ ತಿಂದು ಬರುತ್ತಿದ್ದೆ.

ಅವರು ಹೇಳಿಕೊಟ್ಟ ಕ್ರಮ ಸರಳ. ಹಾಳೆಯನ್ನು ಉದ್ದಕ್ಕೆ ಮಡಿಸಿ ಬಿಚ್ಚಬೇಕು. ಮಡಿಕೆಯ ಎಡಕ್ಕೆ ಕಣ್ಣಿಗೆ ಕಾಣುವುದು, ಬಲಕ್ಕೆ ಕಿವಿಗೆ ಕೇಳುವುದು. ಮೇಲೆ ಸೀನಿನ ನಂಬರು, ಜಾಗ, ಹಗಲೋ ರಾತ್ರಿಯೋ. ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬರೆಯಲು ಎಲ್ಲೂ ಜಾಗವಿಲ್ಲ.

ನಾನು ಒಂದು ಕೊಲೆಯ ಸೀನು ಬರೆದುಕೊಂಡು ಹೋದೆ. ನಮ್ಮದು ದೊಡ್ಡಾಟದ ಮನೆ. ಅಪ್ಪ ರಾಕ್ಷಸ ಪಾತ್ರಕ್ಕೆ ಹೆಸರಾದವರು. ಆಟದಲ್ಲಿ ಯಾರೂ ಸುಮ್ಮನೆ ಬಂದು ಹೊಡೆಯುವುದಿಲ್ಲ. ಬಂದವನನ್ನು ನೀನು ಯಾರೆಂದು ಆಟ ನಡೆಸುವ ಸಾರಥಿ ಕೇಳಬೇಕು, ಅವನು ತನ್ನ ಕುಲ ಪರಾಕ್ರಮ ಹೇಳಿಕೊಳ್ಳಬೇಕು, ಎದುರಾಳಿ ಮೂದಲಿಸಬೇಕು, ಆಮೇಲೆ ರಂಗದ ಹಲಗೆ ಮುರಿಯುವಂತೆ ಕುಣಿದು ಕತ್ತಿ ಎತ್ತಬೇಕು. ನನ್ನ ಕೊಲೆಗಾರನೂ ಬಾಗಿಲಲ್ಲಿ ನಿಂತು ತನ್ನ ವಂಶ ಹೇಳಿದ್ದ. ಬಲಗಡೆ ಹಾಳೆಗಟ್ಟಲೆ ಮಾತು. ಎಡಗಡೆ ಒಂದೇ ಪದ: ಕೊಲ್ಲುತ್ತಾನೆ.

ಮೇಷ್ಟ್ರು ಓದಿ ಮುಗಿಸಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ. ಕಪಾಳಕ್ಕೆ ಬಿದ್ದ ಏಟಿಗೆ ಖಾಲಿ ಡಬ್ಬಿಗಳ ಮೇಲೆ ಹೋಗಿ ಬಿದ್ದೆ. ತುಟಿ ಒಡೆಯಿತು.

"ಈಗ ಇದನ್ನ ಬರಿ," ಅಂದರು. "ಮೊದಲು ಏನು ಕಂಡಿ?"

ಅದೇ ಡಬ್ಬಿ ಎತ್ತಿ ಅವರ ತಲೆಗೆ ಹಾಕುವಷ್ಟು ಸಿಟ್ಟು ಬಂದಿತ್ತು. ಆದರೂ ಬರೆದೆ. ಹಾಳೆ ಕೆಳಗಿಡುತ್ತಾರೆ. ಬೀಡಿ ಎಡಗೈಗೆ ಬದಲಾಗುತ್ತದೆ. ಏಟು. ಬಲಗಡೆ ಬರೆಯಲು ಒಂದು ಮಾತೂ ಇರಲಿಲ್ಲ.

"ಹೊಡಿಯೋನು ಮಾತಿಗೆ ಕಾಯಂಗಿಲ್ಲ ಲೇ," ಅಂದರು. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಪಾಠವನ್ನು ಮರೆತೂ ಇಲ್ಲ.

ಆ ಬೇಸಿಗೆಯಲ್ಲೇ ಹಡಗಲಿಗೆ ಕೊಟ್ಟಿದ್ದ ನಮ್ಮ ಅಕ್ಕ ಹುಬ್ಬು ಸೀಳಿ, ಮುಂಗೈ ಊದಿಕೊಂಡು, ಟ್ರಂಕು ಹೊತ್ತು ಮನೆಗೆ ಬಂದಳು. ಭಾವ ಹೊಡೆದದ್ದು ಮೊದಲ ಸಲವಲ್ಲ. ಹಿಂದೆ ಬಂದಾಗಲೆಲ್ಲ ಹಿರಿಯರು ಕೂತು ನ್ಯಾಯ ಮಾಡಿದ್ದರು. ಹಿರಿಯರೆಂದರೆ ಅಪ್ಪನ ಜೊತೆ ಆಟ ಕುಣಿದವರೇ. ಅವರು ಕೇಳುತ್ತಿದ್ದದ್ದು ಒಂದೇ: "ನೀ ಏನಂದಿ?" ಮೊದಲು ಮಾತು, ಆಮೇಲೆ ಏಟು ಎಂಬುದು ಅವರ ರಕ್ತದಲ್ಲೇ ಸೇರಿಹೋಗಿತ್ತು. ಅಕ್ಕ ಹೆದರಿ ಯಾವುದೋ ಒಂದು ಮಾತು ಹುಡುಕಿ ಒಪ್ಪಿಕೊಳ್ಳುತ್ತಿದ್ದಳು. ಇವರು ಬುದ್ಧಿ ಹೇಳಿ ವಾಪಸ್ ಕಳಿಸುತ್ತಿದ್ದರು. ಈ ಸಲ ಕಳಿಸಿದರೆ ಬರುವುದು ಹೆಣವೇ ಎಂದು ನನಗೆ ಖಾತ್ರಿಯಾಗಿತ್ತು.

ನ್ಯಾಯದ ಹಿಂದಿನ ದಿನ ಅಡುಗೆಮನೆಯಲ್ಲಿ ಅವಳ ಮುಂದೆ ಕೂತೆ.

"ನಾ ಏನಂದೆ ಅಂತ ನೆಪ್ಪಾಗವಲ್ದಪ್ಪ," ಅಂದಳು.

"ಅಂದದ್ದು ಬ್ಯಾಡಕ್ಕ. ಕಂಡದ್ದು ಹೇಳು. ಎಲ್ಲಿ ಕುಂತಿದ್ದಿ? ಕೈಯಾಗ ಏನಿತ್ತು?"

ಅವಳು ತಡೆದು ತಡೆದು ಹೇಳಿದಳು. ಹೇಳುತ್ತ ಹೇಳುತ್ತ ಬೆನ್ನು ನೆಟ್ಟಗಾಯಿತು.

ಮರುದಿನ ಪಡಸಾಲೆಗೆ ಹಿರಿಯರ ಜೊತೆ ಭಾವನೂ ಬಂದು ಕೂತ. ಪ್ರಶ್ನೆ ಬಂತು, ಅದೇ ಪ್ರಶ್ನೆ. ಅಕ್ಕ ಗೋಡೆಗೆ ಒರಗಿ ನಿಂತು ಹೇಳಿದಳು:

"ಒಲಿ ಮುಂದ ರೊಟ್ಟಿ ಬಡಿತಿದ್ದೆ. ಬಾಗಿಲಿಗೆ ಬೆನ್ನಿತ್ತು. ಗ್ವಾಡಿ ಮ್ಯಾಲ ನೆಳ್ಳು ಕಂಡೆ. ಹೊಳ್ಳಿ ನೋಡೋದ್ರಾಗ ಕೊಡಲಿ ಕಾವು ಹುಬ್ಬಿಗೆ ಬಿತ್ತು. ಕೈ ಅಡ್ಡ ಹಿಡಿದೆ, ಕೈಮ್ಯಾಲ ಬಿತ್ತು. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ ವಾಸನಿ ಬಂತು. ಅವರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ."

"ಅಲ್ಲವ್ವ, ಅದಕ್ಕ ಮುಂಚೆ ಏನಾರ ಅಂದಿರಬೇಕು," ಅಂದರು ಹಿರಿಯರೊಬ್ಬರು. ಅಪ್ಪನೂ ಹೂಂ ಅಂದರು.

ಅಕ್ಕ ಮತ್ತೆ ಮೊದಲಿನಿಂದ ಶುರುಮಾಡಿದಳು. ಒಲೆ, ರೊಟ್ಟಿ, ನೆರಳು, ಅದೇ ತಣ್ಣನೆಯ ದನಿಯಲ್ಲಿ. ಕೊಡಲಿ ಕಾವಿನ ತನಕ ಬರುವಷ್ಟರಲ್ಲಿ ಭಾವ ಎದ್ದ. ನೀರು ಕುಡಿಯಲು ಎದ್ದನೆಂದುಕೊಂಡೆವು. ನೇರ ಅವಳ ಹತ್ತಿರ ಹೋಗಿ, ಜಡೆ ಹಿಡಿದು, ತಲೆಯನ್ನು ಗೋಡೆಗೆ ಅಪ್ಪಳಿಸಿದ. ಹುಬ್ಬಿನ ಗಾಯ ಬಿಚ್ಚಿ ರಕ್ತ ಮುಖದ ತುಂಬ ಇಳಿಯಿತು. ನಾನೂ ಇನ್ನಿಬ್ಬರೂ ಹಾರಿ ಅವನನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿದೆವು. ಆಗಲೂ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಅಕ್ಕ ಸೆರಗನ್ನು ಹುಬ್ಬಿಗೆ ಒತ್ತಿಕೊಂಡು ಹಿರಿಯರ ಕಡೆ ತಿರುಗಿದಳು.

"ಈಗ ನಾ ಏನಂದೆ, ಹೇಳ್ರಿ."

ಅಪ್ಪ ಎದ್ದು, ಬಾಗಿಲ ಬಳಿ ಇದ್ದ ಅವಳ ಟ್ರಂಕನ್ನು ತಾವೇ ಎತ್ತಿಕೊಂಡು ಒಳಕೋಣೆಗೆ ಹೋದರು.