ಕರುವಿಗೆ ಬಿಡದ ಹಾಲು

ಮದುವೆಮನೆಯಲ್ಲಿ ಬೀಗರ ಚಪ್ಪಲಿಗಳನ್ನು ನೆಲಕ್ಕೆ ಸೇರಿಸಿ ಮೊಳೆ ಹೊಡೆದವನು ನಾನು. ಪಂಚಾಯ್ತಿ ಚೇರ್ಮನ್ನರ ಸೈಕಲ್ಲನ್ನು ಹುಣಸೆಮರಕ್ಕೆ ನೇತುಹಾಕಿದವನೂ ನಾನೇ. ನನ್ನ ಕೈಲಿ ಬೇಸ್ತು ಬೀಳದ ಗಂಡಸು ಬಾಣಾವರದಲ್ಲಿ ಒಬ್ಬನೂ ಇರಲಿಲ್ಲ. ಅಂಥ ನನ್ನನ್ನೇ ಒಬ್ಬ ಹಾಲಿನವನು ತಿಂಗಳುಗಟ್ಟಲೆ ಬೇಸ್ತು ಬೀಳಿಸಿದ್ದ. ನೆನೆದರೆ ಈಗಲೂ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆ. ನನ್ನ ಹೆಂಡತಿಗೆ ಮೈಮೇಲೆ ಗಂಧೆ ಏಳಲು ಶುರುವಾಯಿತು. ಕೆಂಪು ದದ್ದು, ತುರಿಕೆ, ಒಮ್ಮೊಮ್ಮೆ ತುಟಿಯೂ ಊದುತ್ತಿತ್ತು. ಪಿತ್ತ ಎಂದು ನಾವೇ ತೀರ್ಮಾನಿಸಿಕೊಂಡೆವು. ನಮ್ಮ ಕಡೆ ಅದಕ್ಕೆ ಔಷಧಿ ಎಲ್ಲರಿಗೂ ಗೊತ್ತು. ಕರಿ ಕಂಬಳಿಯಲ್ಲಿ ಮೈ ಉಜ್ಜಬೇಕು, ಪಿತ್ತ ಇಳಿಯಲೆಂದು ತಣ್ಣನೆಯ ಹಾಲು ಕುಡಿಸಬೇಕು. ಉಜ್ಜಿದೆ, ಕುಡಿಸಿದೆ, ಕಂಬಳಿಹುಳವನ್ನು ಕಟ್ಟಿಕೊಂಡಂತಾಯಿತು ಎಂದು ರೇಗಿಸಿದೆ. ಗಂಧೆ ಜಾಸ್ತಿಯಾದಷ್ಟೂ, ಹಾಲಿನವನು ದಿನವೂ ಮನೆಗೆ ತಂದು ಹಾಕುವ ವರ್ತನೆ ಹಾಲನ್ನು ಜಾಸ್ತಿ ಮಾಡಿಸಿದೆ.

ಒಂದು ಬೆಳಿಗ್ಗೆ ಅವಳಿಗೆ ಉಸಿರೇ ಕಟ್ಟಿತು. ಜೀಪಿನಲ್ಲಿ ಹಾಕಿಕೊಂಡು ಅರಸೀಕೆರೆಗೆ ಓಡಿದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಅವಳು ಸುಧಾರಿಸಿಕೊಂಡ ಮೇಲೆ, ಹಿಂದೆ ಯಾವುದಾದರೂ ಮದ್ದು ಒಗ್ಗದೆ ಹೋಗಿತ್ತೇ ಎಂದು ಕೇಳಿದರು. ಹೋಗಿತ್ತು. ತವರುಮನೆ ಹಳೇಬೀಡಿನಲ್ಲಿ ಗಂಟಲುನೋವಿಗೆ ಪೆನ್ಸಿಲಿನ್ ಚುಚ್ಚಿಸಿಕೊಂಡು ಹೀಗೇ ಊದಿಕೊಂಡಿದ್ದಳು. ಆಮೇಲೆ ಡಾಕ್ಟರು ನಮ್ಮ ಮನೆಗೆ ಹಾಲು ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಹಸುವಿಗೂ ಅದೇ ಮದ್ದು ಕೊಡುತ್ತಾರೆ, ಅದು ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ, ಒಗ್ಗದವರಿಗೆ ಚೂರೇ ಸಾಕಾಗಬಹುದು, ಬಿಟ್ಟು ನೋಡಿ ಎಂದರು.

ಬಿಟ್ಟೆವು. ಗಂಧೆ ನಿಂತಿತು.

ಕದ್ದು ನೋಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹಾಲಿನವನ ಕೊಟ್ಟಿಗೆಯ ಹಿಂದೆ ಹುಲ್ಲಿನ ಮೆದೆಗೆ ಒರಗಿ ನಿಂತೆ. ಅವನ ಸೀಮೆಹಸುಗಳಲ್ಲಿ ಒಂದಲ್ಲ ಒಂದಕ್ಕೆ ಕೆಚ್ಚಲುಬಾವು ಇದ್ದೇ ಇರುತ್ತಿತ್ತು. ಅವತ್ತೂ ಒಂದಕ್ಕೆ ಕೆಚ್ಚಲು ಊದಿತ್ತು. ಹಾಲು ಕರೆದು ಕ್ಯಾನಿಗೆ ಸುರಿದ. ಆಮೇಲೆ ಮೊಲೆಯ ತೂತಿಗೆ ಟ್ಯೂಬಿನಿಂದ ಮದ್ದು ಏರಿಸಿದ. ಹಿಂದಿನ ದಿನ ಏರಿಸಿದ್ದ ಖಾಲಿ ಟ್ಯೂಬೂ ಅಲ್ಲೇ ಬಿದ್ದಿತ್ತು. ಬಾಯಿ ಹಾಕಲು ಬಂದ ಕರುವಿನ ಮೂತಿ ಹಿಡಿದು ದೂರ ಕಟ್ಟಿದ. ನಾನು ಎದುರಿಗೆ ಹೋದೆ.

"ಕರುಗೆ ಯಾಕ್ಲಾ ಬಿಡ್ಲಿಲ್ಲ?"

"ಮದ್ದಿನ ಹಾಲು ಯಜಮಾನ್ರೇ. ಭೇದಿ ಆಯ್ತದೆ."

"ಡೈರಿಗೆ ಹಾಕ್ತೀಯಾ?"

"ಬಾವಿನ ಹಸು ಅಂತ ಗೊತ್ತಾದ್ರೆ ವಾಪಸ್ ಕಳಿಸ್ತಾರೆ. ಅದ್ಕೇ ವರ್ತನೆ ಮನೆಗೋಳಿಗೆ ಹಾಕ್ತೀನಿ. ಕಾಯಿಸ್ಕೊಂಡು ತಾನೇ ಕುಡಿಯೋದು."

ಹೆದರಿಕೆಯಿಲ್ಲ, ನಾಚಿಕೆಯಿಲ್ಲ. ಮದ್ದು ನಿಲ್ಲಿಸಿ ಕೆಲವು ದಿನ ಕಳೆಯುವವರೆಗೆ ಹಾಲು ಚೆಲ್ಲು ಎಂದು ದನದ ಡಾಕ್ಟರು ಹೇಳಿದ್ದನ್ನೂ ಅವನೇ ಬಾಯಿಬಿಟ್ಟ. ನನ್ನ ಹೆಂಡತಿ ಸಾಯುವುದರಲ್ಲಿದ್ದಳು ಎಂದೆ. ಬೇರೆ ಯಾರಿಗೂ ಏನೂ ಆಗಿಲ್ಲವಲ್ಲ, ನಿಮ್ಮ ಮನೆಯವರ ಮೈಯೇ ಸೂಕ್ಷ್ಮ ಎಂದ. ಕರುವಿನ ಹೊಟ್ಟೆಗೆ ಇದ್ದ ಬೆಲೆ ನಮ್ಮ ಹೊಟ್ಟೆಗಳಿಗೆ ಇರಲಿಲ್ಲ.

ಅವನು ಸೈಕಲ್ ಹತ್ತಿದ. ನಾನು ಮುಂದೆ ಮುಂದೆ ನಡೆಯುತ್ತ ಮನೆಮನೆಯ ಬಾಗಿಲಲ್ಲಿ ಕೂಗಿದೆ. "ಹಸುಗೆ ಹಾಕಿದ ಮದ್ದು ಬಂದೈತೆ, ಪಾತ್ರೆ ತರ್ರೀ."

ಹೆಂಗಸರು ನಗುತ್ತಲೇ ಬಂದು ಹಾಲು ಹಾಕಿಸಿಕೊಂಡರು. ಇದೂ ನನ್ನದೊಂದು ಚೇಷ್ಟೆ ಎಂದುಕೊಂಡರು. ನಿಜ ಹೇಳಿ ನಗೆಪಾಟಲಾದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಗಲಾಟೆ ಕೇಳಿ ನನ್ನ ಹೆಂಡತಿ ಬೀದಿಗೆ ಬಂದಳು. ಹೆಚ್ಚು ಮಾತಾಡುವವಳಲ್ಲ. ಬಾಣಂತಿಯಿದ್ದ ಮನೆಯ ಮುಂದೆ ಸೈಕಲ್ಲಿಗೆ ಅಡ್ಡ ನಿಂತಳು.

"ನಗಬೇಡಿ ಕಣ್ರೇ. ಈ ಹಾಲಿಗೇ ನಂಗೆ ಉಸಿರು ನಿಂತಿದ್ದು."

ಬಾಣಂತಿಯ ತಾಯಿ ಖಾಲಿ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದಳು. ಉಳಿದವರು ಹಾಕಿಸಿಕೊಂಡದ್ದನ್ನು ಕ್ಯಾನಿಗೇ ವಾಪಸ್ ಸುರಿದರು. ಅವನು ಬೈದುಕೊಳ್ಳುತ್ತ ಸೈಕಲ್ ತಿರುಗಿಸಿದ, ಬಸ್‌ಸ್ಟ್ಯಾಂಡಿನ ಹೋಟೆಲಿನ ಕಡೆಗೆ.

ಹಿಂದಿನಿಂದ ಓಡಿ ಕ್ಯಾರಿಯರ್ ಹಿಡಿದೆ. ಅವನು ಪೆಡಲ್ ತುಳಿದ, ನಾನು ಬಿಡಲಿಲ್ಲ. ಕ್ಯಾನು ಉರುಳಿ ಹಾಲು ಚರಂಡಿವರೆಗೂ ಹರಿಯಿತು. ಒಂದು ಬೀದಿನಾಯಿ ನೆಕ್ಕಲು ಬಂತು. ಚಪ್ಪಲಿ ಎಸೆದು ಅದನ್ನೂ ಓಡಿಸಿದೆ.