ಇಬ್ಬರೂ ಸಣ್ಣಗಾದ ವರ್ಷ

ರೈಟರ್ ಸಿದ್ದಯ್ಯನಿಗೆ ಹೊಟ್ಟೆ ಬಂದದ್ದು ಕಾಫಿಗೆ ಬೆಲೆ ಬಂದ ವರ್ಷಗಳಲ್ಲಿ. ವನಗೂರಿನ ಆಚೆ, ಜೀಪು ಏದುಸಿರು ಬಿಡುತ್ತ ಹತ್ತುವ ದಾರಿಯ ಕೊನೆಯಲ್ಲಿದ್ದ ಆ ಎಸ್ಟೇಟಿಗೆ ಅವನು ಕೆಲಸಕ್ಕೆ ಸೇರಿದಾಗ ಕಡ್ಡಿಯ ಹಾಗಿದ್ದ. ಆಳುಗಳ ಹಾಜರಿ ಹಾಕಿ, ಕೆಲಸ ಹಂಚಿ, ಬೆಳಗಿನಿಂದ ಸಂಜೆಯತನಕ ಗುಡ್ಡ ಹತ್ತಿ ಇಳಿದು ಮೇಲ್ವಿಚಾರಣೆ ಮಾಡುವುದು ರೈಟರನ ಪಾಡು. ತೊಂಬತ್ತೈದರ ಸುಮಾರಿಗೆ ಕಾಫಿಯ ಬೆಲೆ ಮೇಲೇರಿದಾಗ ಸಾಹುಕಾರರು ತಮಗೊಂದು ಹೊಸ ಜೀಪು ಕೊಂಡು, ಸಿದ್ದಯ್ಯನಿಗೊಂದು ಎಂ-ಎಯ್ಟಿ ಗಾಡಿ ಕೊಡಿಸಿದರು. ಅಲ್ಲಿಂದಾಚೆಗೆ ಅವನ ಕಾಲಿಗೆ ಕೆಲಸ ತಪ್ಪಿತು. ಹೆಂಡತಿ ಇಂದ್ರಮ್ಮನ ಕೈಯಡುಗೆಯೂ ಕಡಿಮೆಯದಲ್ಲ. ಕಡುಬು ಬೇಯಿಸಿದ ದಿನ ಪಾತ್ರೆಯ ತಳ ಕಾಣುವವರೆಗೆ ಸಿದ್ದಯ್ಯ ಏಳುತ್ತಿರಲಿಲ್ಲ. ಮೊದಲು ಅಂಗಿಯ ಗುಂಡಿ ಬಿಗಿಯಾಯಿತು, ಆಮೇಲೆ ಪ್ಯಾಂಟು ಹೊಟ್ಟೆಯ ಕೆಳಕ್ಕೆ ಜಾರಿತು, ಕೊನೆಗೆ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವುದೇ ಒಂದು ಕೆಲಸವಾಯಿತು. ಐವತ್ತರ ಹತ್ತಿರ ಬಂದವನಿಗೆ ಇದೆಲ್ಲ ಸಹಜವೆಂದೇ ಅವನು ತಿಳಿದಿದ್ದ.

ತೊಂಬತ್ತೊಂಬತ್ತರ ಮಾರ್ಚಿನಲ್ಲಿ, ಕಾಫಿ ಹೂ ಬಿಡಲೆಂದು ಸ್ಪ್ರಿಂಕ್ಲರಿನಿಂದ ನೀರು ಹಾಕಿಸುತ್ತಿದ್ದಾಗ, ಪೈಪು ಎಲ್ಲೋ ಸೋರುತ್ತಿದೆಯೆಂದು ಅವನು ಇಳಿಜಾರಿಗೆ ಇಳಿದ. ಒದ್ದೆ ಮಣ್ಣಿನಲ್ಲಿ ಕಾಲು ಜಾರಿ, ಎರಡು ಕಾಫಿ ಗಿಡಗಳ ನಡುವೆ ಸಿಕ್ಕಿಕೊಂಡು ಕೂತುಬಿಟ್ಟ. ಏಳಲು ಆಗಲಿಲ್ಲ. ಇಬ್ಬರು ಆಳುಗಳು ಬಂದು ರಟ್ಟೆ ಹಿಡಿದು ಎತ್ತಬೇಕಾಯಿತು. ಮೇಲೆ ರಸ್ತೆಯಲ್ಲಿ ಜೀಪು ನಿಲ್ಲಿಸಿಕೊಂಡಿದ್ದ ಸಾಹುಕಾರರು ಅದನ್ನೆಲ್ಲ ನೋಡಿ ಕೂಗಿದರು:

"ಸಿದ್ದಯ್ಯ, ನೀನು ಬರೋಕ್ ಮುಂಚೆ ನಿನ್ ಹೊಟ್ಟೆ ಬಂದ್ಬುಡ್ತದೆ ಕಣಯ್ಯ! ಒಂದಿನ ಹಿಂಗೇ ಉರುಳ್ಕೊಂಡು ಹೋಗಿ ಹೊಳೆ ಸೇರ್ಬುಡ್ತೀಯ!"

ಆಳುಗಳು ನಕ್ಕರು. ಹೆಣ್ಣಾಳುಗಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸಿದ್ದಯ್ಯನೂ ಅವರ ಜೊತೆ ನಕ್ಕ. ಆದರೆ ಮಧ್ಯಾಹ್ನ ಮನೆಗೆ ಬಂದವನು ತಟ್ಟೆಯ ಮುಂದೆ ಕೂತು ಅನ್ನ ಮುಟ್ಟಲಿಲ್ಲ.

"ಯಾಕ್ರೀ, ಉಣ್ಣಲ್ವಾ?"

"ಹಸಿವಿಲ್ಲ."

"ನಿಮಗೆ ಹಸಿವಿಲ್ವಾ? ಯಾರ ಹತ್ರ ಹೇಳ್ತೀರಿ!"

ಸಿದ್ದಯ್ಯ ನಡೆದದ್ದನ್ನು ಹೇಳಿದ. ಇಂದ್ರಮ್ಮನಿಗೂ ಮೊದಲು ನಗು ತಡೆಯಲಾಗಲಿಲ್ಲ. ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ತಟ್ಟೆಯನ್ನು ಅವನ ಕಡೆಗೆ ಸರಿಸಿ, "ನಾನೇ ಅಲ್ವಾ ಬಡಿಸಿ ಬಡಿಸಿ ಹಿಂಗ್ ಮಾಡಿದ್ದು. ನಾನೇ ಇಳಿಸ್ತೀನಿ, ಬಿಡಿ" ಎಂದಳು.

ಸಕಲೇಶಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಬಿ.ಪಿ. ಒಳಗೇ ಬಂದಿದೆ ಎಂದರು. ಮಾತ್ರೆಗಿಂತ ಮೊದಲು ಹೊಟ್ಟೆ ಕರಗಬೇಕು, ಅನ್ನ ಕಡಿಮೆಯಾಗಬೇಕು, ದಿನವೂ ಬೆಳಿಗ್ಗೆ ನಡೆಯಬೇಕು. ಸಿದ್ದಯ್ಯನಿಗೆ ನಡೆಯುವುದಕ್ಕೆ ನಾಚಿಕೆ. ಕೆಲಸವಿಲ್ಲದೆ ಸುಮ್ಮನೆ ರಸ್ತೆಯ ಮೇಲೆ ಹೋಗಿ ಸುಮ್ಮನೆ ವಾಪಸು ಬರುವುದನ್ನು ಆ ಕಡೆಯಲ್ಲಿ ಯಾರೂ ಕಂಡವರಲ್ಲ.

"ಲೈನ್ ಮನೆ ಆಳ್ಗಳೆಲ್ಲ ನಿಂತ್ಕೊಂಡು ನೋಡ್ತಾರೆ ಕಣೇ. ರೈಟ್ರಿಗೆ ತಲೆ ಕೆಟ್ಟೈತೆ ಅಂತಾರೆ."

"ನಾನೂ ಬರ್ತೀನಿ. ಇಬ್ರಿಗೂ ಕೆಟ್ಟೈತೆ ಅನ್ಲಿ."

ಹಾಗೆ ಶುರುವಾಯಿತು. ಬೆಳಕು ಹರಿಯುತ್ತಿದ್ದ ಹಾಗೆ ಇಬ್ಬರೂ ಹೊರಡುತ್ತಿದ್ದರು. ಆನೆ ಬಂದಿದೆಯೆಂದು ಸುದ್ದಿಯಿದ್ದ ದಿನ ಮಾತ್ರ ಮನೆಯಲ್ಲೇ ಉಳಿಯುತ್ತಿದ್ದರು. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಜೀವನ ಕಳೆದಿದ್ದ ಇಂದ್ರಮ್ಮನಿಗೆ ಸಿದ್ದಯ್ಯ ಪೇಟೆಯಿಂದ ಕ್ಯಾನ್ವಾಸ್ ಶೂ ತಂದುಕೊಟ್ಟ. ಸೀರೆಯ ಕೆಳಗೆ ಅದು ಕಾಣದಿರಲೆಂದು ಅವಳು ಮೊದಮೊದಲು ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದಳು. ಮದುವೆಯಾದಂದಿನಿಂದ ಅವರು ಎಲ್ಲಿಗೆ ಹೋದರೂ ಸಿದ್ದಯ್ಯ ಮುಂದೆ, ಅವಳು ನಾಲ್ಕು ಮಾರು ಹಿಂದೆ. ಈಗಲೂ ಹಾಗೆಯೇ ನಡೆದರು. ಆದರೆ ಹೊಟ್ಟೆ ಹೊತ್ತು ಏರು ಹತ್ತುವವನ ವೇಗಕ್ಕೆ ಅವಳು ಹಿಂದೆ ಉಳಿಯಲು ಸಾಧ್ಯವಿರಲಿಲ್ಲ. ದಿನ ಕಳೆದಂತೆ ಅವಳು ಪಕ್ಕಕ್ಕೆ ಬಂದಳು. ಪಕ್ಕಕ್ಕೆ ಬಂದ ಮೇಲೆ ಮಾತು ಶುರುವಾಯಿತು.

ಮನೆಯಲ್ಲಿ ಅವರ ಮಾತೆಲ್ಲ ಸೌದೆ, ಹಾಲು, ಹಾಸನದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದ ಮಗಳು ವಾಣಿಯ ಹಾಸ್ಟೆಲಿನ ಸಂಗತಿ, ಇಷ್ಟರಲ್ಲೇ ಮುಗಿಯುತ್ತಿತ್ತು. ರಸ್ತೆಯಲ್ಲಿ ಬೇರೆ ಮಾತುಗಳು ಬಂದವು. ಒಂದು ಬೆಳಿಗ್ಗೆ ಇಂದ್ರಮ್ಮ, ತಾನು ಆಲೂರಿನ ಸ್ಕೂಲಿನಲ್ಲಿ ಓದುವಾಗ ತಾಲ್ಲೂಕಿಗೇ ಓಟದಲ್ಲಿ ಮೊದಲು ಬಂದಿದ್ದೆ ಎಂದಳು. ದೊಡ್ಡವಳಾದ ಮೇಲೆ ಅಪ್ಪ ಸ್ಕೂಲು ಬಿಡಿಸಿದನಂತೆ.

"ಸುಳ್ಳು ಹೇಳ್ಬೇಡ."

"ಸುಳ್ಯಾಕೆ ಹೇಳ್ಲಿ? ನೋಡ್ತೀರಾ?"

ಅವಳು ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಓಡಿಯೇಬಿಟ್ಟಳು. ನಲವತ್ತಮೂರರ ಹೆಂಗಸು, ಮಂಜಿನೊಳಗೆ, ಸಿಲ್ವರ್ ಮರಗಳ ಸಾಲಿನ ಪಕ್ಕದಲ್ಲಿ, ತಿರುವಿನವರೆಗೆ. ಅಲ್ಲಿ ನಿಂತು ತಿರುಗಿ ನೋಡಿ ನಗುತ್ತಿದ್ದಳು. ಸಿದ್ದಯ್ಯ ಬಾಯಿ ಬಿಟ್ಟುಕೊಂಡು ನಿಂತಿದ್ದ. ಇಷ್ಟು ವರ್ಷ ಸಂಸಾರ ಮಾಡಿದವಳನ್ನು ಹೊಸದಾಗಿ ಯಾರೋ ಪರಿಚಯ ಮಾಡಿಸಿದ ಹಾಗಾಗಿತ್ತು ಅವನಿಗೆ.

ಮನೆಯಲ್ಲಿ ಪಥ್ಯವೂ ನಡೆಯಿತು. ಅನ್ನ ಒಂದು ಹಿಡಿಗೆ ಇಳಿಯಿತು, ಆಲೂರು ಕಡೆಯ ಮುದ್ದೆ ಬಂತು, ಸೊಪ್ಪಿನ ಸಾರು ಬಂತು. ನಡೆದು ಬಂದ ಮೇಲೆ ಸಿದ್ದಯ್ಯ ಚಾಪೆಯ ಮೇಲೆ ಅಂಗಾತ ಮಲಗಿ ಮೈ ಮೇಲೆತ್ತುವ ವ್ಯಾಯಾಮ ಮಾಡುತ್ತಿದ್ದ. ಇಂದ್ರಮ್ಮ ಅವನ ಪಾದಗಳ ಮೇಲೆ ಕೂತು, "ಏಳಿ ಏಳಿ, ಇನ್ನೊಂದ್ಸಲ, ಸಾಹುಕಾರ್ರು ನೋಡ್ತಾವ್ರೆ" ಎಂದು ರೇಗಿಸುತ್ತಿದ್ದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಬೆಲ್ಟಿಗೆ ಹೊಸ ತೂತು ಹೊಡೆಯಬೇಕಾಯಿತು. ಹೊಟ್ಟೆ ಒಳಕ್ಕೆ ಸರಿದು, ಮೊದಲು ಕಾಣದಿದ್ದ ಕಾಲ್ಬೆರಳು ನಿಂತಲ್ಲಿಂದಲೇ ಕಂಡಿತು. ಸಿದ್ದಯ್ಯ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, ಅಂಗಿ ಎತ್ತಿ ನೋಡಿಕೊಳ್ಳುವುದನ್ನು ಕಲಿತ.

ಇಂದ್ರಮ್ಮನೂ ಸಣ್ಣಗಾಗುತ್ತಿದ್ದಳು. ತಟ್ಟೆಯಲ್ಲಿ ಅವಳು ಹಾಕಿಕೊಳ್ಳುತ್ತಿದ್ದುದು ಅವನಿಗಿಂತ ಕಡಿಮೆ. "ನೀನ್ಯಾಕೆ ಉಪವಾಸ ಬೀಳ್ತೀಯ?" ಎಂದರೆ, "ನಿಮ್ಮ ಮುಂದೆ ನಾನೊಬ್ಳೇ ಹೆಂಗ್ ತಿನ್ಲಿ?" ಎನ್ನುತ್ತಿದ್ದಳು. ಆ ಮಾತು ಅವನಿಗೆ ಹಿತವಾಗಿ ಕೇಳುತ್ತಿತ್ತು. ಊಟವಾದ ಮೇಲೆ ಎದೆಯ ಕೆಳಗೆ ಕೈಯೊತ್ತಿಕೊಂಡು ಕೂರುತ್ತಿದ್ದಳು. ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿಯುತ್ತಿದ್ದಳು. ಆಷಾಢದಲ್ಲಿ, ಕೊಡೆ ಹಿಡಿದು ನಡೆಯುವಾಗ, ಅವಳು ಅರ್ಧ ದಾರಿಯಲ್ಲೇ ಮೋರಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು.

"ನೀವು ಹೋಗ್ಬನ್ನಿ. ನಾನಿಲ್ಲೇ ಇರ್ತೀನಿ."

"ಏನಮ್ಮ, ತಾಲ್ಲೂಕಿಗೇ ಫಸ್ಟ್ ಬಂದೋರು ಸುಸ್ತಾಗ್ಬುಟ್ರಾ?"

ಅವಳು ನಕ್ಕು ಕೈಬೀಸಿ ಕಳಿಸುತ್ತಿದ್ದಳು. ಸಿದ್ದಯ್ಯ ಬಿರಬಿರನೆ ಏರು ಹತ್ತುತ್ತಿದ್ದ. ತಾನು ಅವಳಿಗಿಂತ ಮುಂದಾದೆ ಎಂಬ ಸಣ್ಣ ಖುಷಿಯೂ ಆಗ ಅವನಿಗಿತ್ತು.

ಶ್ರಾವಣದಲ್ಲಿ ಆನೇಮಹಲ್ಲಿನಲ್ಲಿ ನೆಂಟರ ಮದುವೆ. ಸಿದ್ದಯ್ಯ ಹೊಸ ಅಂಗಿಯನ್ನು ಒಳಗೆ ಸಿಕ್ಕಿಸಿಕೊಂಡು ಹೋಗಿದ್ದ. ಅವನ ಅತ್ತಿಗೆ ಸುಮಿತ್ರಮ್ಮ ಚಪ್ಪರದ ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

"ಅಯ್ಯೋ, ಏನ್ರಪ್ಪ ಇದು! ಗಂಡ ಹೆಂಡ್ತಿ ಇಬ್ರೂ ಮದ್ವೆ ಹೆಣ್ಣು ಗಂಡಿನ ಥರ ಆಗ್ಬುಟ್ಟಿದೀರಲ್ಲ! ಇಂದ್ರ, ನಿನ್ ರವಿಕೆ ನೋಡು, ಎಷ್ಟ್ ಸಡಿಲ ಆಗ್ಬುಟ್ಟೈತೆ."

ಸುತ್ತ ಇದ್ದವರೆಲ್ಲ ಹೌದೆಂದರು. ಇಬ್ಬರೂ ಒಟ್ಟಿಗೆ ಮಾಡಿದ್ದು, ಬಿಡದೆ ಮಾಡಿದ್ದು ಎಂದು ಸಿದ್ದಯ್ಯ ಎದೆ ಸೆಟೆಸಿ ಹೇಳಿದ. ಇಂದ್ರಮ್ಮ ಅವನ ಪಕ್ಕದಲ್ಲಿ ನಗುತ್ತ ನಿಂತಿದ್ದಳು. ಊಟಕ್ಕೆ ಕೂತಾಗ ಎಲೆಯ ಮೇಲಿನ ಪಾಯಸ ಮಾತ್ರ ಮುಟ್ಟಿ ಎದ್ದಳು.

ದಸರೆಯ ರಜಕ್ಕೆ ವಾಣಿ ಊರಿಗೆ ಬಂದಳು. ಬೇಸಿಗೆಯ ನಂತರ ಅವಳು ಬಂದಿರಲಿಲ್ಲ. ಬಾಗಿಲಲ್ಲಿ ಬ್ಯಾಗು ಇಟ್ಟವಳು ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ ಅಪ್ಪನ ಹತ್ತಿರ ಬಂದಳು.

"ಅಪ್ಪಾ, ಅಮ್ಮಂಗೆ ಏನಾಗಿದೆ?"

"ಏನಾಗೈತೆ? ವಾಕಿಂಗ್ ಮಾಡಿ ಸಣ್ಣ ಆಗವ್ಳೆ. ನಾನೂ ಆಗಿಲ್ವಾ? ನೋಡಿಲ್ಲಿ."

"ನೀನು ಸಣ್ಣ ಆಗಿದೀಯ ಅಪ್ಪ. ಅಮ್ಮ ಸಣ್ಣ ಆಗಿಲ್ಲ, ಸೊರಗಿದಾಳೆ. ಕಣ್ಣು ನೋಡು. ಕುತ್ತಿಗೆ ನೋಡು."

ಸಿದ್ದಯ್ಯ ಟವೆಲು ಕೈಯಲ್ಲಿ ಹಿಡಿದೇ ಒಳಗೆ ಹೋದ. ಇಂದ್ರಮ್ಮ ಒಲೆಯ ಮುಂದೆ ಕೂತು ಮಗಳಿಗೆಂದು ರೊಟ್ಟಿ ತಟ್ಟುತ್ತಿದ್ದಳು. ಬೆಂಕಿಯ ಬೆಳಕಿನಲ್ಲಿ ಅವಳ ಕೆನ್ನೆಯ ಮೂಳೆ, ಕುತ್ತಿಗೆಯ ಗುಳಿ, ತೋಳಿನ ಮೇಲೆ ಜೋತುಬಿದ್ದ ಚರ್ಮ, ಎಲ್ಲವೂ ಒಮ್ಮೆಗೇ ಕಂಡವು. ದಿನವೂ ಪಕ್ಕದಲ್ಲೇ ನಡೆದವಳು. ಇಷ್ಟು ದಿನ ಇದೆಲ್ಲ ಎಲ್ಲಿತ್ತು ಎಂದು ಅವನಿಗೆ ತಿಳಿಯಲಿಲ್ಲ.

ಹಾಸನದಲ್ಲಿ ಸ್ಕ್ಯಾನ್ ಮಾಡಿಸಿ, ಅಲ್ಲಿಂದ ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಬಾಯಿಯಿಂದ ಟ್ಯೂಬು ಇಳಿಸಿ ನೋಡಿದರು. ಜಠರದಲ್ಲಿ ಗಡ್ಡೆ, ಲಿವರಿಗೂ ಹರಡಿತ್ತು. ವಯಸ್ಸಾದ ಡಾಕ್ಟರು ಸಿದ್ದಯ್ಯನನ್ನು ಎದುರಿಗೆ ಕೂರಿಸಿಕೊಂಡು ಮೆಲ್ಲಗೆ ಕೇಳಿದರು:

"ಇವರು ತೂಕ ಕಳಕೊಳ್ಳಲಿಕ್ಕೆ ಶುರುವಾದದ್ದು ಯಾವಾಗ? ನಿಮಗೆ ಗೊತ್ತಾಗಲಿಲ್ಲವಾ?"

ಸಿದ್ದಯ್ಯ ಮೇಜಿನ ಅಂಚು ಹಿಡಿದುಕೊಂಡ.

"ನಾವಿಬ್ರೂ ಒಟ್ಟಿಗೇ ಸಣ್ಣ ಆಗ್ತಿದ್ವಿ ಸಾರ್."

ಡಾಕ್ಟರು ಕಡತ ಮುಚ್ಚಿದರು. ಆಪರೇಷನ್ನಿನ ಹಂತ ದಾಟಿದೆ, ನೋವಿಗೆ ಔಷಧ ಕೊಡುತ್ತೇವೆ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು.

ಘಾಟಿ ಹತ್ತಿ ಬರುವಾಗ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಇಂದ್ರಮ್ಮ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಡ್ರೈವರನ ಪಕ್ಕದಲ್ಲಿ ವಾಣಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ನಿದ್ದೆಯಲ್ಲಿದ್ದಾಳೆಂದುಕೊಂಡಿದ್ದ ಹೆಂಡತಿ ಕಣ್ಣು ಬಿಡದೆಯೇ ಹೇಳಿದಳು:

"ಡಾಕ್ಟ್ರು ಕೇಳಿದ್ದನ್ನೇ ಯೋಚ್ನೆ ಮಾಡ್ತಾ ಇದೀರಾ? ಬಿಡಿ. ನನಗೇ ಗೊತ್ತಾಗ್ಲಿಲ್ಲ. ಅನ್ನ ಇಳೀತಿರ್ಲಿಲ್ಲ, ಒಳ್ಳೇದೇ ಆಯ್ತು, ನಿಮ್ಗೂ ಜೊತೆ ಆಯ್ತು ಅಂದ್ಕೊಂಡೆ."

ಇನ್ನೆರಡು ತಿರುವು ದಾಟಿದ ಮೇಲೆ ಮತ್ತೆ ಅವಳೇ, "ಮದ್ವೆ ಆದ್ಮೇಲೆ ನಾವು ಇಷ್ಟೊಂದ್ ಮಾತಾಡಿದ್ದು ಈ ವರ್ಷವೇ ಕಣ್ರೀ" ಎಂದಳು.

ಸಿದ್ದಯ್ಯ ಅವಳ ಹಣೆಯ ಮೇಲೆ ಕೈಯಿಟ್ಟ.

ಕಾಫಿ ಹಣ್ಣಾಗುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಕೈಕಾಲು ಕಡ್ಡಿಯಾದವು, ಹೊಟ್ಟೆಯಲ್ಲಿ ಮಾತ್ರ ನೀರು ತುಂಬಿ ಬಿಗಿದುಕೊಂಡಿತು. ವಾಣಿ ಓದು ಬಿಟ್ಟು ಬರುತ್ತೇನೆಂದಾಗ ಇಂದ್ರಮ್ಮ ಒಪ್ಪಲಿಲ್ಲ. ತನ್ನ ಸ್ಕೂಲು ಬಿಡಿಸಿದ ಕತೆಯನ್ನು ಮಗಳಿಗೂ ಹೇಳಿ, ಬೈದು ಕಳಿಸಿದಳು. ಸಾಹುಕಾರರು ಸಿದ್ದಯ್ಯನಿಗೆ ಬೇಕಾದಷ್ಟು ದಿನ ರಜ ಕೊಟ್ಟು, ತಾವೇ ಒಮ್ಮೆ ಬಂದು ಬಾಗಿಲಲ್ಲಿ ನಿಂತು ಮಾತಾಡಿಸಿ ಹೋದರು. ಲೈನಿನ ಮಾದಮ್ಮ ಬೆಳಿಗ್ಗೆ ಸಂಜೆ ಬಂದು ಮೈ ಒರೆಸಿ ಸೀರೆ ಬದಲಾಯಿಸುತ್ತಿದ್ದಳು. ಗಂಜಿ ಕುಡಿಸುವುದು ಮಾತ್ರ ಸಿದ್ದಯ್ಯನದು. ಚಮಚದಲ್ಲಿ ತುಟಿಗೆ ತಾಗಿಸಿದರೆ, ಅವನಿಗಾಗಿ ಒಂದು ಗುಟುಕು ನುಂಗುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಅವನ ಕೈ ತೆಗೆದು ತನ್ನ ಉಬ್ಬಿದ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ನೋಡಿ, ನಿಮ್ದು ನನಗೆ ಬಂದ್ಬುಡ್ತು" ಎಂದು ನಗಲು ನೋಡಿದಳು.

ಸಿದ್ದಯ್ಯ ಎದ್ದು ಹೊರಗೆ ಹೋಗಿ, ಎಂ-ಎಯ್ಟಿ ನಿಲ್ಲಿಸುವ ಶೀಟಿನ ಮಾಡಿನ ಕೆಳಗೆ ನಿಂತು ಅತ್ತ. ಅತ್ತು, ಮುಖ ಒರೆಸಿಕೊಂಡು ಒಳಗೆ ಬಂದಾಗ ಅವಳಿಗೆ ನಿದ್ದೆ ಬಂದಿತ್ತು.

ಸಂಕ್ರಾಂತಿ ಕಳೆದ ವಾರ, ಕೊಯ್ಲಿನ ಮಧ್ಯದಲ್ಲಿ, ಬೆಳಿಗ್ಗೆ ಅವಳು ತೀರಿಕೊಂಡಳು. ಅಂದು ತೋಟದಲ್ಲಿ ಯಾರೂ ಹಣ್ಣು ಕೊಯ್ಯಲಿಲ್ಲ.

ಆಮೇಲೆ ಸಿದ್ದಯ್ಯ ನಡೆಯುವುದನ್ನು ಬಿಟ್ಟ. ಪಥ್ಯವನ್ನೂ ಬಿಟ್ಟ. ಸಿಕ್ಕಿದ್ದು ಉಂಡ, ಸಿಗದಿದ್ದರೆ ಇಲ್ಲ. ಆದರೂ ಹೊಟ್ಟೆ ಮತ್ತೆ ಬರಲಿಲ್ಲ. ಹಲಗೆಯ ಹಾಗೆ ಸಪಾಟಾಗಿ ಉಳಿಯಿತು. ಅಂಗಿ ಹಾಕಿಕೊಳ್ಳುವಾಗ ಅವನು ಕನ್ನಡಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ವರ್ಷದ ಕಾರ್ಯಕ್ಕೆ ಬಂದ ಸುಮಿತ್ರಮ್ಮ ಅವನನ್ನು ಹತ್ತಿರ ಕೂರಿಸಿಕೊಂಡು ಅತ್ತಳು.

"ಅವತ್ತು ಚಪ್ಪರದಾಗೆ ಬಾಯಿಗ್ ಬಂದಂಗೆ ಅಂದ್ಬುಟ್ಟೆ ಕಣಪ್ಪ. ರವಿಕೆ ಸಡಿಲ ಆಗೈತೆ ಅಂದೆ. ನನ್ನ ಕಣ್ಣೇ ತಾಗ್ತೋ ಏನೋ."

"ನಿನ್ ಕಣ್ಣು ರವಿಕೆನಾದ್ರೂ ನೋಡ್ತಲ್ಲ ಅತ್ಗೆ" ಎಂದ ಸಿದ್ದಯ್ಯ.

ಓದು ಮುಗಿಸಿದ ವಾಣಿಗೆ ಆಲೂರು ಕಡೆಯ ಒಂದು ಹಳ್ಳಿಯ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ರಜದಲ್ಲಿ ಬಂದಾಗೆಲ್ಲ ಅಪ್ಪನ ಜೊತೆ ಜಗಳವಾಡಿ, ರಕ್ತ ಪರೀಕ್ಷೆ ಮಾಡಿಸಿ, ಕೊನೆಗೆ ಅವನನ್ನು ಮತ್ತೆ ನಡೆಯುವ ಹಾಗೆ ಮಾಡಿದಳು. ಎಸ್ಟೇಟಿನ ರಸ್ತೆಯಲ್ಲಿ ನಡೆಯಲಾರೆ ಎಂದ. ಹಾಗಾದರೆ ಬೇರೆ ಕಡೆ ನಡಿ ಎಂದಳು. ಅವನು ತೋಟದೊಳಗೆ, ಕೆಲಸದ ನೆಪದಲ್ಲಿ, ಗಿಡಗಳ ಸಾಲುಗಳ ನಡುವೆ ನಡೆಯತೊಡಗಿದ. ಕಾಫಿಯ ಬೆಲೆ ಬಿದ್ದು ಹೋಗಿತ್ತು. ಎಂ-ಎಯ್ಟಿ ಕೆಟ್ಟು ನಿಂತಾಗ ರಿಪೇರಿ ಮಾಡಿಸೋಣವೆಂದು ಸಾಹುಕಾರರೂ ಅನ್ನಲಿಲ್ಲ, ಅವನೂ ಕೇಳಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಕೆಲಸ ಬಿಟ್ಟು ಮಗಳ ಮನೆಗೆ ಹೊರಟ ದಿನ, ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ಎಸ್ಟೇಟಿನ ಮೇಸ್ತ್ರಿ ಬಾಲು ಸಿಕ್ಕಿದ. ನಲವತ್ತೈದರ ಆಳು. ಅಂಗಿಯ ಕೆಳಗಿನ ಗುಂಡಿ ಹಾಕಲು ಆಗದೆ ಹಾಗೇ ಬಿಟ್ಟಿದ್ದ. ಸಿದ್ದಯ್ಯನನ್ನು ಮೇಲಿಂದ ಕೆಳಗೆ ನೋಡಿದ.

"ಅಲ್ಲ ರೈಟ್ರೇ, ಈ ವಯಸ್ಸಲ್ಲೂ ಹೊಟ್ಟೆ ಅನ್ನೋದೇ ಇಲ್ವಲ್ಲ ನಿಮ್ಗೆ! ಏನ್ ಮಾಡಿದ್ರಿ, ನನಗೂ ಒಸಿ ಹೇಳ್ಕೊಡಿ ಮಾರಾಯ್ರೆ."

"ಬೆಳಿಗ್ಗೆ ನಡಿ. ಅನ್ನ ಕಮ್ಮಿ ಮಾಡು."

"ಒಬ್ನೇ ನಡಿಯೋಕೆ ಬೇಜಾರು ಕಣ್ರೀ."

"ಹೆಂಡ್ತೀನ ಕರ್ಕೊಂಡ್ ಹೋಗು."

ಬಾಲು ಜೋರಾಗಿ ನಕ್ಕ. "ನನ್ ಹೆಂಡ್ತಿನಾ? ಅವ್ಳೆಲ್ಲಿ ಬತ್ತಾಳೆ!"

"ಕರಿ. ಕರದ್ರೆ ಬತ್ತಾಳೆ" ಎಂದ ಸಿದ್ದಯ್ಯ. ಆಮೇಲೆ ಟ್ರಂಕಿನ ಹಿಡಿಗೆ ಕೈ ಹಾಕುತ್ತ, "ಆಗಾಗ ಅವ್ಳ ಮುಖಾನೂ ನೋಡ್ತಿರು" ಎಂದ.

ಬಾಲುವಿನ ನಗು ಅಲ್ಲಿಗೇ ನಿಂತಿತು. ಅವನು ಏನೋ ಕೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಆಲೂರಿನ ಕಡೆಯ ಬಸ್ಸು ಬಂದು, ಜನ ನುಗ್ಗಿದರು. ಸಿದ್ದಯ್ಯ ಟ್ರಂಕು ಎತ್ತಿಕೊಂಡು ಹತ್ತಿದ. ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತುಕೊಂಡ.