ಕಡಲ ಮುಳ್ಳುಂಡೆಯ ರುಚಿ

ಮಳವಳ್ಳಿಯ ಬೆಟ್ಟಯ್ಯ ಸಾವಿರದ ಒಂಬೈನೂರ ನಲವತ್ತಾರರಲ್ಲಿ ಯುದ್ಧದಿಂದ ಬಂದಾಗ ಮೂಳೆ ಚಕ್ಕಳವಾಗಿದ್ದ. ಬಾಯಿ ಮಾತ್ರ ಗಟ್ಟಿಯಾಗಿತ್ತು. ಸಿಂಗಪುರದಲ್ಲಿ ಸೆರೆಸಿಕ್ಕಿ, ಜಪಾನಿನ ಯಾವುದೋ ಕಡಲತೀರದಲ್ಲಿ ಕಲ್ಲಿದ್ದಲು ಹೊತ್ತವನು. ಚಾವಡಿಯಲ್ಲಿ ಕೂತರೆ ಅವನ ಕಥೆಯೆಲ್ಲ ಅಲ್ಲಿನ ಒಂದು ತಿನಿಸಿನದೇ. ಬಂಡೆಯ ಸಂದಿಯಲ್ಲಿ ಸಿಗುವ, ಮೈತುಂಬ ಮುಳ್ಳಿನ ಜೀವಿ ಅದಂತೆ, ಮೂರು ಬಗೆಯದು. ಒಡೆದರೆ ಒಳಗೆ ಐದು ಎಸಳು ಹಳದಿ ತತ್ತಿ; ಹಸಿಯಾಗಿಯೇ ನೆಕ್ಕಬೇಕು. ಉದ್ದ ಮುಳ್ಳಿನ ಕರಿಯದು ತೆಳು ರುಚಿ, ಎಳನೀರಿನ ಗಂಜಿಯ ಹಾಗೆ. ಕೆಂಪನೆಯದು ತಿಂದ ಮೇಲೆ ಕಹಿ. ಗಿಡ್ಡ ಮುಳ್ಳಿನದು ನೋಡಲು ಸಗಣಿ ಉಂಡೆ, ಆದರೆ ಮೂರರಲ್ಲಿ ಅದೇ ರಾಜ. ಊರಿನವರು ಥೂ ಎಂದು ಉಗಿದು, ಮರುದಿನ ಮತ್ತೆ ಅದನ್ನೇ ಹೇಳಿಸುತ್ತಿದ್ದರು. ನಾನೂ ಕೇಳಿ ನಕ್ಕವನೇ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅವನ ಜೊತೆ ಸೆರೆಯಲ್ಲಿದ್ದ ಆತಗೂರಿನ ಪುಟ್ಟಮಾದಯ್ಯ ಅಲ್ಲೇ ಸತ್ತಿದ್ದ. ಆ ಮಾತು ಬಂದರೆ ಮಾತ್ರ ಬೆಟ್ಟಯ್ಯ ಬೀಡಿ ಹಚ್ಚಿ ಎದ್ದು ಹೋಗುತ್ತಿದ್ದ.

ಮರುವರ್ಷದ ಪಿತೃಪಕ್ಷದಲ್ಲಿ ಪುಟ್ಟಮಾದಯ್ಯನ ತಾಯಿ ಮುದ್ದಮ್ಮ ಬೆಟ್ಟಯ್ಯನನ್ನು ಹುಡುಕಿಕೊಂಡು ಬಂದಳು. ನಮ್ಮ ಕಡೆ ಸತ್ತವರಿಗೆ ಎಡೆ ಇಡುವಾಗ ಅವರು ಕಡೆಗಾಲದಲ್ಲಿ ಆಸೆಪಟ್ಟದ್ದನ್ನು ಬಡಿಸದಿದ್ದರೆ ಕಾಗೆ ಮುಟ್ಟುವುದಿಲ್ಲ, ಜೀವ ಹಸಿದೇ ಅಲೆಯುತ್ತದೆ ಎನ್ನುತ್ತಾರೆ. ಹಿಂದಿನ ವರ್ಷ ಆಕೆ ಬಾಡು, ಕಜ್ಜಾಯ ಎಲ್ಲ ಇಟ್ಟಿದ್ದಳಂತೆ. ಸಂಜೆಯವರೆಗೂ ಒಂದು ಕಾಗೆಯೂ ಬಂದಿರಲಿಲ್ಲ.

ಮಗ ಕೊನೆಗೆ ಏನು ಕೇಳಿದ ಎಂದಳು. ಬೆಟ್ಟಯ್ಯ ಮುದ್ದೆ ಎಂದ, ಆಮೇಲೆ ಉಪ್ಸಾರು ಎಂದ. ಅದನ್ನೆಲ್ಲ ಇಟ್ಟಾಯಿತು, ನಿಜ ಹೇಳು ಎಂದಳು. ಬೆಟ್ಟಯ್ಯನ ಮನೆ ಜಗಲಿಯ ಮೇಲೆ ನಾನೂ ಕೂತಿದ್ದೆ.

ಅವನು ತಲೆ ತಗ್ಗಿಸಿಯೇ ಹೇಳಿದ. ಜ್ವರದಲ್ಲಿ ಮಲಗಿದ್ದ ಪುಟ್ಟಮಾದಯ್ಯ ಗಿಡ್ಡ ಮುಳ್ಳಿನದು ಬೇಕೆಂದಿದ್ದ. ಕಾವಲಿನವರ ಕಣ್ಣು ತಪ್ಪಿಸಿ ಬಂಡೆಗೆ ಹೋದರೆ ಸಿಕ್ಕಿದ್ದು ಎರಡೇ: ಗಿಡ್ಡದೊಂದು, ಕೆಂಪನೆಯದೊಂದು.

"ಕೆಂಪ್ನೇದ ಅವನ್ಗೆ ಕೊಟ್ಟೆ ಕಣವ್ವ. ಅವ ಕೇಳಿದ್ದನ್ನ ದಾರೀಲೆ ನಾನೇ ತಿನ್ಬುಟ್ಟೆ. ಒಟ್ಟೆ ಅಸ್ದಿತ್ತು."

ಪುಟ್ಟಮಾದಯ್ಯ ಅದನ್ನು ನೆಕ್ಕಿ, ಉಗಿದು, ಗೋಡೆಯ ಕಡೆ ತಿರುಗಿ ಮಲಗಿದನಂತೆ. ಬೆಳಗ್ಗೆ ಏಳಲಿಲ್ಲ.

ಮುದ್ದಮ್ಮ ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದುಕೊಂಡೆ. ಹಾಕಿದ್ದರೇ ವಾಸಿಯಿತ್ತು. ಆಕೆ ಸೆರಗು ಹಿಂಡುತ್ತ ಮೆಲ್ಲಗೆ ಕೇಳಿದಳು.

"ನೀ ತಿಂದುದ್ದು ಎಂಗಿತ್ತಪ್ಪ?"

"ಸೀ ಇತ್ತು ಕಣವ್ವ."

"ಬೆಲ್ದಂಗೋ, ಆಲ್ನಂಗೋ?"

ಬೆಟ್ಟಯ್ಯ "ಗಿಣ್ಣಿನಂಗೆ," ಎಂದ.

ಮುದ್ದಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಈ ಊರಲ್ಲಿ ಯಾರ ಮನೆಯ ಹಸು ಹೊಸದಾಗಿ ಕರು ಹಾಕಿದೆ, ತೋರಿಸು ಎಂದು ನನ್ನನ್ನು ಕೇಳಿದಳು. ಬೆಟ್ಟಯ್ಯ ಟವಲು ಕೊಡವಿ ತಾನೂ ಎದ್ದ.

"ನೀ ಬರಬ್ಯಾಡ," ಎಂದು ಆಕೆ ಮೆಟ್ಟಿಲಿಳಿದಳು.